ಎಣ್ಣೆ ಹಚ್ಚಿದ ಕುರಿಮರಿ

ಬೆಳಿಗ್ಗೆ ಬಾಗಿಲು ತೆಗೆದರೆ ಹೊಲವೇ ಇಲ್ಲ! ಕಡಲೆಕಾಯಿ ಕಿತ್ತು ಖಾಲಿ ಬಿದ್ದಿದ್ದ ಕೆಂಪು ನೆಲದ ತುಂಬ ಕರಿ ಕುರಿಗಳು. ಕುಂದಾಪುರದಲ್ಲಿ ಪಕ್ಕದ ಮನೆಯ ದನ ಗದ್ದೆಗೆ ಬಾಯಿ ಹಾಕಿದರೆ ಊರಿಗೆಲ್ಲ ಕೇಳುವ ಹಾಗೆ ಜಗಳ ಆಡುವವರು ನಾವು. ಗುಡಿಸುತ್ತಿದ್ದ ಹಿಡಿಸೂಡಿಯನ್ನೇ ಬೀಸುತ್ತ "ಹೋಯ್ ಹೋಯ್" ಎಂದು ಓಡಿದೆ.

ಕುರಿಗಳ ನಡುವಿನಿಂದ ಕಂಬಳಿ ಹೊದ್ದ ಹೆಂಗಸೊಬ್ಬಳು ಎದ್ದು ನಿಂತಳು. "ಏನಮ್ಮಾ, ನಿಮ್ಮ ಯಜಮಾನ್ರೇ ಬರ್ರಿ ಬರ್ರಿ ಅಂತ ಕರೆಸ್ಯಾರೆ, ನೀವು ನೋಡಿದ್ರೆ ಓಡುಸ್ತೀರಲ್ಲ! ಹೊಲಕ್ಕೆ ಗೊಬ್ಬರ ಬ್ಯಾಡೇನು?"

ನಮ್ಮ ಕುಂದಾಪುರದವರೇ, ಇದಕ್ಕೆ ಇಲ್ಲಿ ಮಂದೆ ಹಾಕಿಸುವುದು ಎನ್ನುತ್ತಾರೆ. ಕುರಿ ಕಾಯುವವರಿಗೆ ರಾಗಿ ಕೊಟ್ಟು, ಮಂದೆಯನ್ನು ಕೆಲವು ರಾತ್ರಿ ಹೊಲದಲ್ಲೇ ಮಲಗಿಸುವುದು. ಹಿಕ್ಕೆಯೇ ಗೊಬ್ಬರ. ನಮ್ಮ ಮನೆಯವರು ನನಗೆ ಹೇಳಲು ಮರೆತಿದ್ದರಂತೆ. ಮರೆಯುವುದರಲ್ಲಿ ಅವರದು ಎತ್ತಿದ ಕೈ.

ಎಪ್ಪತ್ತರ ದಶಕದ ನಡುವಿನ ಮಾತು. ಹಿರಿಯೂರಿನಲ್ಲಿ ಹೋಟೆಲು ಇಟ್ಟಿದ್ದ ನಮ್ಮ ಮಾವಯ್ಯ ಧರ್ಮಪುರದ ಕಡೆ ಚೂರು ಜಮೀನು ಕೊಂಡು, ನೋಡಿಕೊಳ್ಳಲು ನಮ್ಮಿಬ್ಬರನ್ನು ಬಸ್ಸು ಹತ್ತಿಸಿದ್ದರು. ಮನೆ ನೋಡಿ ನನಗೆ ಅಳು ಬಂತು. ಹೆಂಚಿಲ್ಲ, ಇಳಿಜಾರಿಲ್ಲ, ಮಣ್ಣು ಬಡಿದ ಚಪ್ಪಟೆ ಸೂರು. ಮಳೆ ಬಂದರೆ ಗತಿ ಏನು ಎಂದು ಕೇಳಿದ್ದಕ್ಕೆ ಆಳು ನಕ್ಕು, "ಮಳಿ ಬರ್ಲಿ ತಾಯಿ, ಆಮೇಲೆ ನೋಡಾಣ" ಎಂದ. ಮೀನಿಲ್ಲ, ಕುಚ್ಚಲಕ್ಕಿ ಇಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ತಿಳಿಯದೆ, ಹಲ್ಲಿಗೆಲ್ಲ ಮೆತ್ತಿಸಿಕೊಂಡು ಕೂತಿದ್ದೆ. ನಾವು ದೇವರ ಪಟದಲ್ಲಿ ಕಂಡು ಕೈಮುಗಿಯುತ್ತಿದ್ದ ನವಿಲು ಇಲ್ಲಿ ಹಿಂಡುಹಿಂಡಾಗಿ ಬಂದು ಕಡಲೆಕಾಯಿ ಕೆದಕಿ ತಿನ್ನುತ್ತದೆ. ಜನ ಅದಕ್ಕೆ ಬೈದು ಕಲ್ಲು ಬೀಸುತ್ತಾರೆ. ಮರುದಿನ ಅದೇ ಜನ ಅದರ ಗರಿ ಆಯ್ದು ದೇವರ ಗೂಡಿನಲ್ಲಿ ಇಡುತ್ತಾರೆ. ಬೈಯಬೇಕೋ ಕೈಮುಗಿಯಬೇಕೋ, ನನಗಂತೂ ತಲೆಬುಡ ತಿಳಿಯಲಿಲ್ಲ.

ಆ ಕಂಬಳಿಯ ಹೆಂಗಸು ಕರಿಯಕ್ಕ. ಮೊದಲ ದಿನದ ಜಗಳ ಮರೆತು ಮನೆ ಬಾಗಿಲಿಗೆ ಬಂದು ಮಜ್ಜಿಗೆ ಕುಡಿಯುವಷ್ಟು ಹತ್ತಿರವಾದಳು. ಮಾತನಾಡುವ ಹೆಣ್ಣುಜೀವ ಸಿಕ್ಕಿತಲ್ಲ ಎಂದು ನನಗೂ ಹಿಗ್ಗು.

ಮಂದೆ ಇನ್ನೂ ಹೊಲದಲ್ಲಿದ್ದಾಗ ಒಂದು ಬೆಳಗಿನ ಚಳಿಯಲ್ಲಿ, ನಮ್ಮ ಬೇಲಿಯ ಪಕ್ಕ ಒಂದು ಕುರಿ ಈದಿತ್ತು. ಅವಳಿ. ತಾಯಿ ಒಂದನ್ನು ನೆಕ್ಕುತ್ತಿದ್ದರೆ ಇನ್ನೊಂದು ಲೋಳೆ ಮೈಯಲ್ಲಿ ಮಣ್ಣು ಮೆತ್ತಿಕೊಂಡು ಗಡಗಡ ನಡುಗುತ್ತಿತ್ತು. ಅಯ್ಯೋ ದೇವರೇ ಎನಿಸಿತು. ಕರಿಯಕ್ಕ ನೀರಿಗೆ ಹೋಗಿದ್ದಳು. ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದು, ಹಂಡೆಯ ಬಿಸಿನೀರು ಎರೆದು, ಹಳೇ ಸೀರೆಯಲ್ಲಿ ಒರೆಸಿ, ಊರಿಂದ ತಂದಿದ್ದ ತೆಂಗಿನೆಣ್ಣೆಯನ್ನು ನೆತ್ತಿಯಿಂದ ಗೊರಸಿನವರೆಗೆ ತಿಕ್ಕಿದೆ. ನಮ್ಮಲ್ಲಿ ಹಸುಗೂಸಿಗೆ ಮಾಡುವುದು ಅದನ್ನೇ ಅಲ್ಲವೇ? ಮಿರಮಿರ ಮಿಂಚುವ ಮರಿಯನ್ನು ಜಂಬದಿಂದ ತಾಯಿಯ ಮುಂದೆ ಬಿಟ್ಟೆ.

ತಾಯಿ ಮೂಸಿತು. ಹಿಂದೆ ಸರಿದು, ತಲೆ ತಗ್ಗಿಸಿ ಹಾಯ್ದುಬಿಟ್ಟಿತು. ಮರಿ ಉರುಳಿ ಬಿತ್ತು, ಎದ್ದು ಮತ್ತೆ ಕೆಚ್ಚಲಿಗೆ ಹೋಯಿತು. ಮತ್ತೆ ಒದೆ.

ಕರಿಯಕ್ಕ ಬಂದವಳು ಮರಿಯನ್ನು ಮೂಸಿ ಹಣೆ ಚಚ್ಚಿಕೊಂಡಳು. "ಇದೇನ್ ಮಾಡಿದ್ಯವ್ವಾ? ಅದರ ವಾಸ್ನೇನೇ ತೊಳ್ದುಬಿಟ್ಟೀಯಲ್ಲ! ಇದು ತನ್ನ ಮರಿ ಅಂತ ಅದಕ್ಕೆ ಹೆಂಗ್ ಗೊತ್ತಾಗ್ಬೇಕು?"

ಸಿಟ್ಟಿನಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ತಾಯಿ ನೆಕ್ಕಲಿ ಎಂದು ಕರಿಯಕ್ಕ ಮರಿಗೆ ಉಪ್ಪು ಸವರಿದಳು, ತಾಯಿಯ ಹಾಲನ್ನೇ ಹಿಂಡಿ ಬೆನ್ನಿಗೆ ಬಳಿದಳು, ತಾಯಿಯ ಕಾಲು ಕಟ್ಟಿ ಕುಡಿಸಿದಳು. ಕಟ್ಟು ಬಿಚ್ಚಿದರೆ ಮತ್ತೆ ಒದೆಯೇ. ನಮ್ಮ ಮನೆಯವರು ಮಾತ್ರ ಜಗಲಿಯಲ್ಲಿ ಕೂತು, "ತೊಟ್ಟಿಲು ತರಿಸಲಾ?" ಎಂದು ಕೀಟಲೆ ಮಾಡಿದರು. ಹಿಡಿಸೂಡಿ ಅವರ ಕಡೆಗೆ ಎಸೆದೆ.

ಮಂದೆ ಹೊರಟ ದಿನ ಕರಿಯಕ್ಕ ಮರಿಯನ್ನು ನನ್ನ ಮಡಿಲಿಗೆ ಹಾಕಿದಳು. "ಬದುಕಿದ್ರೆ ನೋಡಾಣ" ಎಂದಳು, ಅಷ್ಟೇ. ಕೊಟ್ಟಳೋ, ಸಾಕಲು ಬಿಟ್ಟಳೋ? ಕೇಳಲು ನನಗೆ ಬಾಯಿ ಬರಲಿಲ್ಲ.

ಆಡಿನ ಹಾಲನ್ನು, ಕೂಸಿಗೆ ಕುಡಿಸುವ ಹಾಗೆ, ಒಳಲೆಯಲ್ಲಿ ಕುಡಿಸಿದೆ. ಬದುಕಿತು. "ಬಾ ಕಾಂಬ ಮಗಾ" ಎಂದು ನಮ್ಮೂರ ಮಾತಿನಲ್ಲಿ ಕರೆದರೆ ಬಾವಿಗೂ ಬರುತ್ತಿತ್ತು, ಬೇಲಿಗೂ ಬರುತ್ತಿತ್ತು. ಆ ಬಯಲಿನಲ್ಲಿ ನನ್ನ ಊರಿನ ಮಾತು ತಿಳಿಯುತ್ತಿದ್ದದ್ದು ಮನೆಯವರಿಗೂ ಅದಕ್ಕೂ ಮಾತ್ರ. ದೂರದಲ್ಲಿ ಬೇರೆ ಕುರಿ ಕಂಡರೆ ಹೆದರಿ ನನ್ನ ಸೀರೆಯ ಹಿಂದೆ ನುಸುಳುತ್ತಿತ್ತು. ಇದು ತನ್ನನ್ನು ಏನೆಂದುಕೊಂಡಿದೆಯೋ ಎಂದು ಯೋಚನೆಯಾಗುತ್ತಿತ್ತು.

ಮರುವರ್ಷ ಕಡಲೆಕಾಯಿ ಕಿತ್ತ ಮೇಲೆ ಮಂದೆ ಬಂತು. ಮರಿಯನ್ನು ಒಳಗೆ ಕೂಡಿ ಬಾಗಿಲು ಹಾಕಿಕೊಂಡೆ. ಅದೋ, ಒಳಗಿನಿಂದ ಅರಚಿ ಅರಚಿ ನನ್ನ ಮಾನ ಕಳೆಯಿತು.

"ಕೊಡಲ್ಲ ಕರಿಯಕ್ಕಾ" ಎಂದೆ, ಅವಳು ಕೇಳುವ ಮೊದಲೇ.

"ನಾನೆಲ್ಲಿ ಕೇಳ್ದೆ? ಬಾಗ್ಲು ತೆಗಿ. ಕಟ್ಟಿಹಾಕ್ಬ್ಯಾಡ. ಇದ್ರೆ ನಿನ್ನದು, ಬಂದ್ರೆ ನಮ್ಮದು."

ಬಾಗಿಲು ತೆಗೆದೆ. ಮೊದಮೊದಲು ಬೇಲಿಯ ಹತ್ತಿರ ನಿಂತು ನೋಡಿ ಓಡಿ ಬರುತ್ತಿತ್ತು. ಆಮೇಲೆ ಸಂಜೆಗೆ ಮಾತ್ರ ಬರತೊಡಗಿತು. ಮಂದೆ ಹೊರಟ ಬೆಳಿಗ್ಗೆ ಕುರಿಗಳ ನಡುವೆ ಸೇರಿಕೊಂಡು ಹೊರಟೇಬಿಟ್ಟಿತು. ತಡೆಯಲಾರದೆ, "ಬಾ ಕಾಂಬ ಮಗಾ!" ಎಂದು ಕೂಗಿದೆ. ತಿರುಗಿತು. ನಾಲ್ಕು ಹೆಜ್ಜೆ ಬಂತು, ನಿಂತಿತು. ನನ್ನನ್ನು ನೋಡಿತು, ಮಂದೆಯನ್ನು ನೋಡಿತು. ಇನ್ನೊಮ್ಮೆ ಕೂಗಿದ್ದರೆ ಬರುತ್ತಿತ್ತು, ನನಗೆ ಖಂಡಿತ ಗೊತ್ತಿತ್ತು. ಕೂಗಲಿಲ್ಲ. ಅದು ಹೋಯಿತು.

ಅಳುತ್ತ ನಿಂತಿದ್ದ ನನಗೆ ಮನೆಯವರು, "ಬಿಡು ಮಾರಾಯ್ತಿ, ಅದು ತನ್ನ ಊರಿಗೆ ಹೋಯ್ತು" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅದರ ಊರು ಯಾವುದು, ಹೇಳಿ ಕಾಂಬ? ನಮ್ಮ ಮೂವರಲ್ಲಿ ಈ ಹೊಲದಲ್ಲಿ ಹುಟ್ಟಿದ್ದು ಅದೊಂದೇ. ನೀವಲ್ಲ, ನಾನಲ್ಲ. ಹುಟ್ಟಿದ್ದು ಹೊರಟುಹೋಯ್ತು. ಎಲ್ಲಿಂದಲೋ ಬಂದ ನಾವು ಬೇಲಿ ಹಿಡಿದು ನಿಂತಿದ್ದೇವೆ."

ಧೂಳು ಇಳಿಯುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು. ಆಮೇಲೆ ಅವರು ಮೆಲ್ಲಗೆ, "ಮನೆಗೆ ಹೋಗುವಾ?" ಎಂದರು. ಯಾವ ಮನೆಗೆ ಎಂದು ಕೇಳಬೇಕೆನಿಸಿತು. ಕೇಳದೆ, ಅವರ ಹಿಂದೆ ನಡೆದೆ.