ಹತ್ತು ಹುಣಸೆ ಬೀಜ

ಗುರುವಾರದ ಪತ್ರಿಕೆ ಬಂದಾಗ ಚಿಕ್ಕಗಂಗಮ್ಮ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ನೇರ ನಾಲ್ಕನೆಯ ಪುಟದ ಕೆಳಮೂಲೆಗೆ ಹೋದಳು. ಅಲ್ಲಿ ಅವಳ ಗಂಡನ ಹೆಸರಿತ್ತು. ಕೆ. ಚಿಕ್ಕಮಾರಯ್ಯ, ಕುಣಿಗಲ್. ಹೆಸರಿನ ಮೇಲೆ ಎರಡು ಸಾಲು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

'ಈ ವಾರದ ಪೇಚಾಟ ಹೊಟ್ಟೆ ಹುಣ್ಣಾಗುವಂತೆ ನಗಿಸಿತು. ಹತ್ತಕ್ಕೆ ಏಳು.'

ಅವಳು ಬರೆದು ಕಳಿಸಿದ್ದು ಸೊನ್ನೆ.

ಇನ್ನೊಮ್ಮೆ ಓದಿದಳು. ಏಳೇ. ಒಲೆಯ ಮೇಲೆ ಬೇಳೆ ಉಕ್ಕಿ ಚೆಲ್ಲಿತು. ನೋಡಲಿಲ್ಲ.

ಗಂಡ ಸತ್ತು ಎರಡು ತಿಂಗಳಾಗಿತ್ತು. ಚಿಕ್ಕಮಾರಯ್ಯ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೂವತ್ತೊಂದು ವರ್ಷ ಕುದುರೆಗಳ ಮೈ ಉಜ್ಜಿದವನು. ಕುದುರೆ ಬಾಯಿ ಬಿಟ್ಟು ಹೇಳುವುದಿಲ್ಲ, ಅದರ ಕಿವಿ ನೋಡಬೇಕು, ಭುಜ ನೋಡಬೇಕು ಅನ್ನುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಹೆಂಡತಿ ಸಿಟ್ಟಾಗಿದ್ದಾಳೋ ಇಲ್ಲವೋ ಎಂದು ಅವಳ ಬೆನ್ನು ನೋಡಿಯೇ ಹೇಳುತ್ತಿದ್ದ.

'ಭಾನುವಾರದ ಪೇಚಾಟ' ಟೀವಿಯಲ್ಲಿ ಹದಿನೆಂಟು ವರ್ಷದಿಂದ ಬರುತ್ತಿರುವ ನಗೆ ಕಾರ್ಯಕ್ರಮ. ಭಾನುವಾರ ಸಂಜೆ ಏಳಕ್ಕೆ ನಾಲ್ಕು ಸ್ಕಿಟ್, ಎದುರಿಗೆ ದೊಡ್ಡ ಕುರ್ಚಿಗಳಲ್ಲಿ ಕೂತು ನಗುವ ಜಡ್ಜುಗಳು. ಒಂಬತ್ತು ವರ್ಷದ ಹಿಂದೆ ಒಂದು ಕಂತು ನೋಡಿ ರೇಗಿ, ಚಿಕ್ಕಮಾರಯ್ಯ ತುಮಕೂರಿನ ವಾರಪತ್ರಿಕೆಗೆ ಒಂದು ಪೋಸ್ಟ್ ಕಾರ್ಡು ಹಾಕಿದ್ದ. 'ಪೊಲೀಸಿನವನ ಟೋಪಿ ಬಿದ್ದದ್ದು ಚೆನ್ನಾಗಿತ್ತು. ಮೂರು ಸಲ ಬೀಳಬಾರದಿತ್ತು. ಹತ್ತಕ್ಕೆ ಐದು.' ಸಂಪಾದಕರು ಅದನ್ನು ಹಾಗೇ ಅಚ್ಚು ಹಾಕಿ, ಪ್ರತಿ ವಾರ ಬರೆಯಿರಿ ಎಂದು ಹೇಳಿ ಕಳಿಸಿದರು. ಅಂದಿನಿಂದ ಸೋಮವಾರ ಬೆಳಿಗ್ಗೆ ಕಾರ್ಡು ಹೋಗುವುದು, ಗುರುವಾರ ಹೆಸರು ಬರುವುದು.

ಅಂಕ ಕೊಡುವುದಕ್ಕೆ ಅವನದೇ ಒಂದು ಕ್ರಮವಿತ್ತು. ಬಲಗೈ ಹತ್ತಿರ ಹತ್ತು ಹುಣಸೆ ಬೀಜ, ಮುಂದೆ ಒಂದು ಸ್ಟೀಲ್ ಲೋಟ. ಕೂರುವುದು ಹೆಂಡತಿಯ ಎಡಕ್ಕೆ, ಟೀವಿಯ ಕಡೆಗಲ್ಲ, ಅವಳ ಕಡೆಗೆ ತಿರುಗಿ. ಅವಳು ನಕ್ಕರೆ ಒಂದು ಬೀಜ ಲೋಟಕ್ಕೆ ಟಣ್ ಎಂದು ಬೀಳುತ್ತಿತ್ತು. ಮುಗುಳ್ನಗೆಗೆ ಬೀಜವಿಲ್ಲ. ಭುಜ ಅಲ್ಲಾಡಬೇಕು. ಟಣ್ ಅಂದದ್ದಕ್ಕೆ ಅವಳಿಗೆ ಮತ್ತೆ ನಗು ಬರುತ್ತಿತ್ತು. ಅದಕ್ಕೆ ಬೀಜ ಹಾಕುತ್ತಿರಲಿಲ್ಲ.

"ಅದು ಲೋಟದ್ ನಗು ಗಂಗೀ, ಲೆಕ್ಕುಕ್ಕಿಲ್ಲ."

"ಟೀವಿ ನೋಡಿ ಅಂದ್ರೆ ನನ್ ಮುಖ ಏನ್ ನೋಡ್ತೀರ?"

"ಟೀವೀಲಿ ಇರೋರು ಸಂಬಳುಕ್ಕೆ ನಗ್ತಾರೆ. ನೀನು ಬಿಟ್ಟಿ ನಗ್ತೀಯ."

ತಿಥಿಯ ದಿನ ಸಂಪಾದಕ ಅನಂತಕೃಷ್ಣ ಬಂದಿದ್ದರು. ಹಾರ ಹಾಕಿ, ಕೈ ಮುಗಿದು, ಹೋಗುವಾಗ ಮೆಲ್ಲಗೆ ಹೇಳಿದರು, ಆ ಮೂಲೆಗೆ ಇನ್ನು ರಾಶಿಫಲ ಹಾಕಬೇಕಾಗುತ್ತದೆ ಎಂದು. ಚಿಕ್ಕಗಂಗಮ್ಮನಿಗೆ ಅಲ್ಲಿಯವರೆಗೂ ಅಳು ಬಂದಿರಲಿಲ್ಲ, ಆಗ ಬಂತು. ಗಂಡನ ಹೆಸರು ಇದ್ದ ಕಡೆ ಮೇಷ, ವೃಷಭ.

"ನಾನ್ ಬರಿತೀನಿ ಸಾರ್. ನಾಕ್ನೇ ಕ್ಲಾಸ್ ಓದಿದೀನಿ. ಹೆಸ್ರು ಮಾತ್ರ ಅವ್ರುದೇ ಇರ್ಲಿ."

ಟೀವಿಯ ಮೇಲೆ ಹೊದಿಸಿದ್ದ ಪಂಚೆಯನ್ನು ಮುಂದಿನ ಭಾನುವಾರ ತೆಗೆದಳು. ಬೀಜ ಇಟ್ಟುಕೊಂಡಳು, ಲೋಟ ಇಟ್ಟುಕೊಂಡಳು. ನಗುವವಳೂ ಅವಳೇ, ಬೀಜ ಹಾಕುವವಳೂ ಅವಳೇ. ಒಂದು ಗಂಟೆ ಕೂತಳು. ಲೋಟ ಖಾಲಿ. ಇದ್ದದ್ದನ್ನು ಇದ್ದ ಹಾಗೆ ಬರೆದಳು.

'ಗಂಡಸಿಗೆ ಸೀರೆ ಉಡಿಸಿ ಕುಣಿಸಿದರು. ಸೀರೆ ಉಟ್ಟರೆ ನಗೆಪಾಟಲೇ? ಸೊನ್ನೆ.'

ಇನ್ನೊಂದು ವಾರ: 'ಕುಡುಕನ ಸ್ಕಿಟ್. ನಮ್ಮ ಬೀದಿಯಲ್ಲಿ ದಿನಾ ಇದೆ. ಅವನ ಹೆಂಡತಿಯನ್ನು ಕೇಳಿ ನಗು ಬರುತ್ತದಾ ಅಂತ. ಸೊನ್ನೆ.'

ಮತ್ತೊಂದು ವಾರ: 'ದೊಡ್ಡ ಕುರ್ಚಿಯಲ್ಲಿ ಕೂತವರು ಮಾತು ಮುಗಿಯುವ ಮುಂಚೆ ನಗುತ್ತಾರೆ. ಏನು ಕೇಳಿ ನಕ್ಕರೋ. ಸೊನ್ನೆ.'

ಆರು ಕಾರ್ಡು, ಆರು ಸೊನ್ನೆ. ಐದು ಹಾಗೇ ಅಚ್ಚಾದವು. ಆರನೆಯದು ಏಳಾಗಿ ಬಂದಿತ್ತು.

ಅವತ್ತು ಸಂಜೆ ಗುಬ್ಬಿಯಿಂದ ಮಗಳು ಮಂಜುಶ್ರೀಯ ಫೋನು.

"ಅವ್ವಾ, ನಿಮ್ಮ ಪಕ್ಕದ್ ಮನೆಯೋರು ಫೋನ್ ಮಾಡಿದ್ರು. ವರ್ಷ ತುಂಬಿಲ್ಲ, ನಿಮ್ಮವ್ವ ಕಾಮಿಡಿ ಹಾಕ್ಕೊಂಡು ಕೂತಿರ್ತಾಳೆ ಅಂತಾವ್ರೆ. ನಾನ್ ಎಲ್ಲಿ ಮುಖ ಇಟ್ಕಳ್ಲಿ?"

"ಎಲ್ಲಾದ್ರೂ ಇಟ್ಕೊ. ನಾನ್ ನಕ್ಕಿದ್ದು ಯಾರಾದ್ರೂ ಕೇಳುಸ್ಕೊಂಡವ್ರಾ ಕೇಳು."

"ನಗ್ದೆ ಇದ್ರೆ ಯಾಕವ್ವ ನೋಡ್ತೀಯ? ಅದುನ್ನ ಬುಟ್ಬುಟ್ಟು ಇಲ್ಲಿಗ್ ಬಾ."

"ಅದುನ್ನೇ ಕಣೇ ಮಂಜಿ ನೋಡ್ತಿರೋದು. ನಗು ಯಾಕ್ ಬರ್ತಿಲ್ಲ ಅಂತ. ಫೋನ್ ಇಡು. ನಾಳೆ ತುಮಕೂರಿಗೆ ಹೋಗ್ಬೇಕು."

ಶುಕ್ರವಾರ ಶಾಲೆಗೆ ರಜೆ ಹೇಳಿ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದಳು. ಹತ್ತೂ ಬೀಜ ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದಳು. ದಾರಿಯುದ್ದಕ್ಕೂ ಬಯ್ಯುವ ಮಾತುಗಳನ್ನು ಜೋಡಿಸಿಕೊಂಡಳು. ಬದುಕಿದ್ದಾಗ ಒಂದು ಬೀಜ ಹೆಚ್ಚಿಗೆ ಹಾಕದ ಮನುಷ್ಯ. ಒಂದು ಸಲ ಅವಳಿಗೆ ಜ್ವರ ಇದ್ದಾಗ ನಗು ಬಾರದೆ, ಈ ವಾರ ಲೆಕ್ಕ ಸಿಕ್ಕಲಿಲ್ಲ ಎಂದೇ ಬರೆದು ಕಳಿಸಿದ್ದ. ಅಂಥವನ ಬಾಯಲ್ಲಿ ಸತ್ತ ಮೇಲೆ ಸುಳ್ಳು ಹೇಳಿಸಿದರಲ್ಲ.

ಪತ್ರಿಕೆಯ ಆಫೀಸು ತುಮಕೂರಿನ ಸದಾಶಿವನಗರದಲ್ಲಿ, ಅನಂತಕೃಷ್ಣರ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಯುದ್ದಕ್ಕೂ ಹಳೆಯ ಸಂಚಿಕೆಗಳ ಕಟ್ಟು.

"ಬನ್ನಿ ಚಿಕ್ಕಗಂಗಮ್ಮನವರೇ, ಕೂತ್ಕೊಳಿ. ಕಾಫಿ ತಗೋತೀರಾ?"

"ಕಾಫಿ ಆಮೇಲೆ. ಏಳು ಕೊಟ್ಟೋರ್ ಯಾರು ಸಾರ್?"

ಅವರು ಕನ್ನಡಕ ತೆಗೆದರು. "ನಾನೇಮ್ಮ. ವಾರ ವಾರವೂ ಸೊನ್ನೆ ಅಂದ್ರೆ ಓದೋರು ಕೇಳಲ್ವಾ? ಮೊನ್ನೆ ಒಬ್ರು ಫೋನ್ ಮಾಡಿ, ಚಿಕ್ಕಮಾರಯ್ಯನೋರು ಯಾಕೆ ಇಷ್ಟು ಸಿಡುಕ್ತಿದಾರೆ, ಹುಷಾರಿಲ್ವಾ ಅಂದ್ರು."

"ಸತ್ತೋಗವ್ರೆ ಅನ್ಬೇಕಾಗಿತ್ತು."

ಅವಳು ಸೆರಗಿನ ಗಂಟು ಬಿಚ್ಚಿ ಬೀಜಗಳನ್ನು ಮೇಜಿನ ಮೇಲೆ ಸುರಿದಳು. ಒಂದು ಉರುಳಿ ಕೀಬೋರ್ಡಿನ ಕೆಳಗೆ ಹೋಯಿತು. ಅದನ್ನೂ ಹೆಕ್ಕಿ ಸಾಲಿಗೆ ಇಟ್ಟಳು.

"ಹತ್ತವೆ. ಏಳು ಯಾವ್ಯಾವುಕ್ಕೆ ಬಿತ್ತು? ಒಂದೊಂದಾಗಿ ಎತ್ತಿ ತೋರ್ಸಿ ಸಾರ್."

"ನಾನು ಆ ಕಂತು ನೋಡಿಲ್ಲ," ಎಂದರು ಅವರು, ಬಹಳ ಸಣ್ಣ ದನಿಯಲ್ಲಿ.

"ನೋಡ್ದೆ ಹೊಟ್ಟೆ ಹುಣ್ಣಾಯ್ತಾ?"

ಅವರು ತಪ್ಪು ಒಪ್ಪಿಕೊಂಡರು. ಆಮೇಲೆ ಬೀಜಗಳನ್ನು ನೋಡುತ್ತಾ ಒಂದು ಮಾತು ಕೇಳಿದರು. "ಬೇಜಾರು ಮಾಡ್ಕೋಬೇಡಿ. ಷೋ ಕೆಟ್ಟಿದೆಯಾ? ಇಲ್ಲಾ ನಿಮಗೇ ಈಗ ನಗು ಬರ್ತಿಲ್ವಾ?"

ಆರು ವಾರದಿಂದ ಅವಳು ಇದನ್ನೇ ಹಾಸಿ ಹೊದ್ದು ಮಲಗುತ್ತಿದ್ದಳು. ಷೋ ಕೆಟ್ಟಿದ್ದರೆ ಸೊನ್ನೆ ಸರಿ. ಕೆಟ್ಟದ್ದು ತಾನಾಗಿದ್ದರೆ, ಆ ಐದು ಸೊನ್ನೆಯೂ ಸುಳ್ಳು. ಗಂಡನ ಹೆಸರಿನಲ್ಲಿ ಸುಳ್ಳು ಬರೆದವರಲ್ಲಿ ತಾನೇ ಮೊದಲಿಗಳು.

"ಕ್ಷೌರದಂಗಡಿದು ಸಿಕ್ತದಾ ಸಾರ್?" ಎಂದಳು. "ಹಳೇದು. ನಮ್ಮನೆಯೋರು ಹತ್ತಕ್ಕೆ ಹತ್ತು ಕೊಟ್ಟಿದ್ದು. ಒಂಬತ್ ವರ್ಷದಲ್ಲಿ ಅದೊಂದೇ."

ಅನಂತಕೃಷ್ಣ ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದರು. ಪರದೆಯ ಮೇಲೆ ಬಣ್ಣ ಆಡಿದ್ದೇ ತಡ, ಒಳಗಿನಿಂದ ಅವರ ತಾಯಿ ಕೌಸಲ್ಯಮ್ಮ ಗೋಡೆ ಹಿಡಿದುಕೊಂಡು ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಎಂಬತ್ತು ದಾಟಿದವರು. ಕಿವಿ ಪೂರ್ತಿ ಹೋಗಿತ್ತು. ಕಿವಿಯ ಮಿಷನ್ನು ಕುಯ್ಯೋ ಅನ್ನುತ್ತದೆ ಎಂದು ಡ್ರಾದಲ್ಲಿ ಹಾಕಿಟ್ಟಿದ್ದರು.

ಮದುಮಗ ಕ್ಷೌರಕ್ಕೆ ಬಂದಿದ್ದಾನೆ. ಅರ್ಧ ಮೀಸೆ ತೆಗೆಯುವಷ್ಟರಲ್ಲಿ ಕರೆಂಟು ಹೋಗುತ್ತದೆ, ಮಿಷನ್ನು ನಿಲ್ಲುತ್ತದೆ. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಅವನನ್ನು ಹುಡುಕಿಕೊಂಡು ಬರುತ್ತಾರೆ. ಅವನು ಅರ್ಧ ಮುಖಕ್ಕೆ ಕರ್ಚೀಫು ಮುಚ್ಚುತ್ತಾನೆ, ಟವೆಲ್ಲು ಮುಚ್ಚುತ್ತಾನೆ, ಕೊನೆಗೆ ಮಾವನ ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನೇ ಕಿತ್ತುಕೊಂಡು ಮುಚ್ಚುತ್ತಾನೆ. ಗಂಡನ ಜೊತೆ ಇದನ್ನು ನೋಡಿದ ದಿನ ಆ ತಟ್ಟೆಯ ಹೊತ್ತಿಗೆ ಚಿಕ್ಕಗಂಗಮ್ಮ ಕುಡಿಯುತ್ತಿದ್ದ ಮಜ್ಜಿಗೆ ಮೂಗಿಗೆ ಹತ್ತಿಸಿಕೊಂಡಿದ್ದಳು. ಹತ್ತನೆಯ ಬೀಜ ಬಿದ್ದದ್ದು ಆಗಲೇ.

ತಟ್ಟೆ ಬಂತು. ಹೋಯಿತು. ಅವಳಿಗೆ ಏನೂ ಆಗಲಿಲ್ಲ. ಎಡಗಿವಿ ಮಾತ್ರ ಟಣ್ ಅನ್ನುವುದನ್ನು ಕಾಯುತ್ತಿತ್ತು.

ಹಾಗಾದರೆ ಕೆಟ್ಟದ್ದು ತಾನೇ. ಪರದೆಯಿಂದ ಮುಖ ತಿರುಗಿಸಿದಳು.

ತಿರುಗಿಸಿದ ಕಡೆ ಕೌಸಲ್ಯಮ್ಮ ಇದ್ದರು. ಅವರ ಬಾಯಿಂದ ಸದ್ದು ಬರುತ್ತಿರಲಿಲ್ಲ. ಕಣ್ಣು ಮುಚ್ಚಿಹೋಗಿತ್ತು, ಭುಜಗಳು ಎದ್ದು ಬೀಳುತ್ತಿದ್ದವು, ಬೆತ್ತದ ಕುರ್ಚಿ ಕಿರ್ ಕಿರ್ ಅನ್ನುತ್ತಿತ್ತು. ಚಿಕ್ಕಗಂಗಮ್ಮನ ಬೆರಳು ತಾನಾಗಿ ಒಂದು ಬೀಜವನ್ನು ಸಾಲಿನಿಂದ ಆಚೆಗೆ ನೂಕಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಸಾರ್, ಮೊದ್ಲಿಂದ ಹಾಕಿ."

"ಯಾಕಮ್ಮ?"

"ಹಾಕಿ ಸಾರ್."

ಈ ಸಲ ಅವಳು ಬೀಜಗಳನ್ನು ಮತ್ತೆ ಸಾಲಿಗೆ ಸೇರಿಸಿ, ಪರದೆಗೆ ಬೆನ್ನು ಕೊಟ್ಟು ಕೂತಳು. ಕೌಸಲ್ಯಮ್ಮನವರನ್ನೇ ನೋಡಿದಳು. ಗಂಡ ಹೇಗೆ ಕೂರುತ್ತಿದ್ದನೋ ಹಾಗೆ. ಎರಡನೆಯ ಸಲ ನೋಡುತ್ತಿದ್ದರೂ ಆ ಭುಜಗಳಿಗೆ ಬೇಸರವಿಲ್ಲ. ಎಂಟು ಬೀಜ.

"ಈಗ ಏಳು ಕೊಟ್ಟಿದ್ರಲ್ಲ ಸಾರ್, ಅದುನ್ನ ಹಾಕಿ."

ಹೋದ ಭಾನುವಾರದ ಕಂತು ಶುರುವಾಯಿತು. ಬಾಡಿಗೆ ಮನೆಯ ಜಗಳ. ಎಲ್ಲರೂ ಕಿರುಚುತ್ತಿದ್ದರು. ದೊಡ್ಡ ಕುರ್ಚಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಸದ್ದು ಚಿಕ್ಕಗಂಗಮ್ಮನ ಬೆನ್ನಿಗೆ ಬಡಿಯುತ್ತಿತ್ತು. ಆ ಸದ್ದು ಯಾವುದೂ ಕೌಸಲ್ಯಮ್ಮನವರಿಗೆ ಕೇಳಿಸುತ್ತಿರಲಿಲ್ಲ. ಅವರ ಭುಜ ಕಲ್ಲಿನ ಹಾಗಿತ್ತು. ಒಬ್ಬ ಮುದುಕ ನಟ ಕೂರಲು ಹೋದಾಗ ಪ್ಲಾಸ್ಟಿಕ್ ಕುರ್ಚಿಯ ಕಾಲು ಮಡಿಸಿಕೊಳ್ಳುವುದನ್ನು ಅವಳು ಭಾನುವಾರವೇ ನೋಡಿದ್ದಳು, ಆಗ ಆ ಭುಜ ಒಮ್ಮೆ ಅಲ್ಲಾಡಿತು. ಅವನು ಎದ್ದು, ಏನೂ ಆಗಿಲ್ಲ ಎನ್ನುವ ಹಾಗೆ ಲುಂಗಿ ಕೊಡವಿದ್ದಕ್ಕೆ ಇನ್ನೊಮ್ಮೆ. ಅಷ್ಟೇ. ಕೊನೆಗೆ ಕೌಸಲ್ಯಮ್ಮ ಕೈ ಬೀಸಿದರು.

"ಇದೇನೋ ಅನಂತ, ಬರೀ ಬಾಯಿ ಬಡ್ಕೋತಾರೆ. ತೆಗ್ಯೋ ಇದನ್ನ. ಆ ಅರ್ಧ ಮೀಸೆಯೋನನ್ನ ಹಾಕು."

ಚಿಕ್ಕಗಂಗಮ್ಮ ಬೀಜಗಳನ್ನು ಸಂಪಾದಕರ ಮುಂದಕ್ಕೆ ಸರಿಸಿದಳು. ಈ ಕಡೆ ಹೋದ ಭಾನುವಾರದ್ದು ಎರಡು, ಆ ಕಡೆ ಕ್ಷೌರದಂಗಡಿಯದು ಎಂಟು.

"ನೋಡ್ಕೊಳಿ ಸಾರ್. ನನ್ ನಗು ಹೋಗದೆ. ಅದು ನಿಜ. ಷೋನೂ ಕೆಟ್ಟದೆ. ಅದೂ ನಿಜ."

ಅವಳು ಚೀಲದಿಂದ ಪೋಸ್ಟ್ ಕಾರ್ಡು ತೆಗೆದಳು. ಗಂಡ ತಂದಿಟ್ಟಿದ್ದ ಕಟ್ಟಿನಲ್ಲಿ ಇನ್ನು ಕೆಲವು ಉಳಿದಿದ್ದವು. ಅಲ್ಲೇ ಮೇಜಿನ ಮೂಲೆಯಲ್ಲಿ, ನಾಲಿಗೆ ಕಚ್ಚಿಕೊಂಡು ಬರೆದಳು. ಅಷ್ಟು ಹೊತ್ತಿಗೆ ಕೌಸಲ್ಯಮ್ಮನವರ ಅರ್ಧ ಮೀಸೆ ಇನ್ನೊಂದು ಸುತ್ತು ಮುಗಿಯಿತು, ಕಾಫಿ ಬಂದು ಆರಿತು.

'ಹೋದ ವಾರ ಏಳು ಅಂತ ಬಂದದ್ದು ಸುಳ್ಳು. ಆ ಕಂತಿಗೆ ಎರಡು. ಎರಡೂ ಕುರ್ಚಿಯ ಮುದುಕನಿಗೆ. ನಕ್ಕವರು ಕೌಸಲ್ಯಮ್ಮ, ಸದಾಶಿವನಗರ. ಅದಕ್ಕೆ ಮುಂಚಿನ ಐದು ಸೊನ್ನೆ ಷೋದೋ ನನ್ನದೋ ಗೊತ್ತಿಲ್ಲ. ನನಗೆ ನಗು ಬರುತ್ತಿಲ್ಲ. ಬಂದಾಗ ಬರೆಯುತ್ತೇನೆ. ಅಲ್ಲಿಯವರೆಗೆ ನಗುವವರ ಮುಖ ನೋಡಿ ಬರೆಯುತ್ತೇನೆ.'

ಕೆಳಗೆ ಅಭ್ಯಾಸದಂತೆ ಕೆ. ಎಂದು ಬರೆದು ನಿಲ್ಲಿಸಿದಳು. ಈ ಎರಡು ಬೀಜ ಅವನು ಎಣಿಸಿದ್ದಲ್ಲ. ಹೊಡೆದು ಹಾಕಿ ಪಕ್ಕದಲ್ಲಿ ಬರೆದಳು. ಚಿಕ್ಕಗಂಗಮ್ಮ, ಚಿಕ್ಕಮಾರಯ್ಯನ ಮನೆಯವಳು, ಕುಣಿಗಲ್.

ಅನಂತಕೃಷ್ಣ ಕಾರ್ಡು ಓದಿದರು. ಓದಿ ಮುಗಿಸಿ, ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಬೀಜಗಳನ್ನು ಮತ್ತೆ ಸೆರಗಿಗೆ ಕಟ್ಟುತ್ತಿದ್ದ ಚಿಕ್ಕಗಂಗಮ್ಮನ ಕೈ ನಿಂತಿತು. ಆ ಪೆನ್ನಿನ ತುದಿಯನ್ನೇ ನೋಡಿದಳು.

"ಕಾಗುಣಿತ ಬೇಕಾರೆ ತಿದ್ಕೊಳಿ ಸಾರ್," ಎಂದಳು. "ಬೀಜ ಮುಟ್ಬೇಡಿ."