ಬಾವಿಯ ಗಾಲಿಗಿದ್ದ ನಳಿಗೆ

ಆ ಸಾಹೇಬನ ಮಾತು ನಂಬಿದ್ದಕ್ಕೆ ಇಂದಿಗೂ ನನ್ನ ಮೈ ಉರಿಯುತ್ತದೆ. ವಾಯುಪಡೆಯಲ್ಲಿ ವಿಮಾನದ ಬಂದೂಕು ಬಿಚ್ಚಿ, ತಿಕ್ಕಿ, ಮತ್ತೆ ಜೋಡಿಸುವುದನ್ನು ನನಗೆ ಕಲಿಸಿದವನೇ ಅವನು. ಅರವತ್ತರ ದಶಕದಲ್ಲಿ ನಾನು ನೌಕರಿ ಬಿಟ್ಟು ಸಿಂದಗಿಯಲ್ಲಿ ಪಂಪು ರಿಪೇರಿ ಮಾಡಿಕೊಂಡಿದ್ದಾಗ ಅವನ ಕಾಗದ ಬಂತು. ಅವನೀಗ ಯಾವುದೋ ಸಂಗ್ರಹಾಲಯದ ಮುಖ್ಯಸ್ಥ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನವೊಂದನ್ನು ನಿಲ್ಲಿಸಿದ್ದೇವೆ, ರೆಕ್ಕೆಯಲ್ಲಿ ಬಂದೂಕಿನ ನಳಿಗೆಯಿಲ್ಲ, ಅಸಲಿಯದು ಎಲ್ಲಾದರೂ ಇದ್ದರೆ ಹುಡುಕಿ ತಾ ಎಂದು ಬರೆದಿದ್ದ.

ಹುಡುಕುವುದೇನು ಬಂತು? ಅದು ತಂಗಡಗಿಯಲ್ಲಿ ನನ್ನ ಸೋದರಮಾವನ ಬಾವಿಯ ಮೇಲಿತ್ತು. ಯುದ್ಧದ ದಿನಗಳಲ್ಲಿ ಅದೇ ಜಾತಿಯ ವಿಮಾನವೊಂದು ಅವನ ಹೊಲದಲ್ಲಿ ಬಿದ್ದಿತ್ತು. ಅದನ್ನು ನಡೆಸುತ್ತಿದ್ದ ಹುಡುಗ ಮಾವನ ತೊಡೆಯ ಮೇಲೆ, ಅದೇ ಬಾವಿಯ ನೀರು ಕುಡಿದು ಸತ್ತ. ಊರವರು ತಗಡು ಹೊತ್ತುಕೊಂಡು ಹೋದರು. ಮಾವ ಬಂದೂಕಿನ ನಳಿಗೆಯನ್ನು ನೀರೆಳೆಯುವ ಗಾಲಿಗೆ ಅಚ್ಚು ಮಾಡಿ ಇಟ್ಟುಕೊಂಡ, ಯಾರು ಕೇಳಿದರೂ ಕೊಡಲಿಲ್ಲ.

ನನಗೆ ಕೊಟ್ಟ. “ವಿಮಾನದಾಗ ಕೂಡಸ್ತೀ ಅಂದ್ರ ತಗೊಂಡ ಹೋಗು. ಆ ಹುಡುಗಂದು ಅಲ್ಲೇ ಇರಲಿ” ಎಂದ.

ಆಣೆ ಮಾಡಿ ಬಿಚ್ಚಿದೆ. ಎಂಟು ದಿನ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತುಕ್ಕು ತೆಗೆದೆ. ಗುಂಡು ಹಾರದಂತೆ ಬಾಯಿಗೆ ಸೀಸ ತುಂಬಿದೆ. ಗಾಲಿ ತಿರುಗಿ ತಿರುಗಿ ಬಿದ್ದಿದ್ದ ಸವಕಲಿಗೆ ಮಾತ್ರ ಅರ ಹಾಕಲು ಮನಸ್ಸಾಗಲಿಲ್ಲ. ನಾನೇ ಕೂಡಿಸುತ್ತೇನೆ ಎಂದು ಸಾಹೇಬ ಹೇಳಿದ, ಅವನ ಕೈಗಿಟ್ಟು ಬಂದೆ.

ಮರುವರ್ಷ ನೋಡಬೇಕೆಂದು ಮಾವ ಹಟ ಹಿಡಿದ. ಇಬ್ಬರೂ ಹೋದೆವು. ಮಾವ ವಿಮಾನದ ಸುತ್ತ ಕಟ್ಟಿದ್ದ ಹಗ್ಗ ದಾಟಿ, ರೆಕ್ಕೆಯ ಕೆಳಗೆ ನಿಂತು, ನಳಿಗೆಯ ಅಡಿ ಸವರುತ್ತ ಆ ಸವಕಲು ಹುಡುಕಿದ. ಸಿಗಲಿಲ್ಲ. ಉಗುರಿನಿಂದ ಕೆರೆದ, ಕರಿ ಬಣ್ಣ ಎದ್ದು ಬಂತು. ಒಳಗೆ ಸಾಗವಾನಿ ಕಟ್ಟಿಗೆ.

ಸಂಗ್ರಹಾಲಯದ ಹಿಂದೆಯೇ ಇದ್ದ ಸಾಹೇಬನ ಬಂಗಲೆಗೆ ಓಡಿದೆ. ನಮ್ಮ ನಳಿಗೆ ಅವನ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಥಳಥಳ ಹೊಳೆಯುತ್ತಿತ್ತು. ನೋಡುವ ಮಂದಿಗೆ ಕಟ್ಟಿಗೆ ಸಾಕು, ಇಂಥ ಮಾಲು ಕಿಮ್ಮತ್ತು ತಿಳಿದವರ ಹತ್ತಿರ ಇರಬೇಕು ಎಂದ. ಚಹಾ ಕುಡಿದು ಹೋಗು ಎಂದ. ನಿನ್ನ ಮನೆ ಹಾಳಾಗಲಿ ಅನ್ನಬೇಕಿತ್ತು. ಹಾಳು ರೂಢಿ, ನನ್ನ ಕೈ ತಾನಾಗಿ ಸಲ್ಯೂಟ್ ಹೊಡೆಯಿತು. ಥೂ!

ಮಾವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಉಗುರಿನೊಳಗಿನ ಕರಿ ಬಣ್ಣ ತೆಗೆಯುತ್ತ ಪೂರಾ ಕೇಳಿಸಿಕೊಂಡ.

“ಅದೆಲ್ಲಾ ಇರಲಿ” ಎಂದ. “ಯಾರಿಗೆ ಮಾರಿದಿ, ಹೇಳು.”