ಖಾರದ ಕಾಕುನ ಮೂಗು

ಮೊನ್ನೆ ತಿಕೋಟಾದ ಅಕ್ಕನ ಮನೆಯಲ್ಲಿ ಮಸಾಲಿ ಖಾರದ ಭರಣಿಯ ಮುಚ್ಚಳ ತೆಗೆದೆ. ಮೇಲೆ ಇಂಗಿನ ಹರಳು, ಒಳಗೆ ಲವಂಗ, ಹುರಿದ ಕೊಬ್ಬರಿ… ಮೂರು ಸಲ ಸೀನಿದೆ. ನಾಲ್ಕನೆಯ ಸಲ ಕಣ್ಣಲ್ಲಿ ನೀರು ಬಂತು. ಖಾರದ ನೀರು ಅಂದುಕೊಂಡೆ. ಅಲ್ಲ, ಕಾಕು ನೆನಪಾಗಿದ್ದಳು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅವಳು ವಿಜಾಪುರದ ಇಬ್ರಾಹಿಂಪುರದಲ್ಲಿ ನಮ್ಮ ಪಕ್ಕದ ಮನೆಯವಳು; ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಗಂಡನಿಲ್ಲ, ಮಕ್ಕಳಿಲ್ಲ. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಕುಟ್ಟುವುದಕ್ಕಲ್ಲ, ಮೂಸುವುದಕ್ಕೆ! ಹವೀಜ ಅನ್ನುವ ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿಯುವಾಗ ಕಡಾಯಿಯ ಮೇಲೆ ಬಗ್ಗಿ, ಉದ್ದಕ್ಕೆ ಉಸಿರೆಳೆದು, "ಹ್ಞೂಂ… ಸಾಕ ಬೇ, ಇಳಸ" ಅಂದರೆ ಮುಗಿಯಿತು. ಆ ಮೂಗೇ ಅವಳ ಅನ್ನ. ನಾನು ಓಣಿಯ ಕಟ್ಟೆಯ ಮೇಲೆ ಕೂತು ಅದನ್ನೇ ಅಣಕಿಸುತ್ತಿದ್ದೆ. ಇಪ್ಪತ್ತು ತುಂಬಿದರೂ ನನಗೆ ಬರುತ್ತಿದ್ದ ಕಸುಬು ಅದೊಂದೇ.

ಒಮ್ಮೆ ಬಬಲೇಶ್ವರದ ಮದುವೆ ಮನೆಯ ಖಾರಕ್ಕೆ ಅವಳ ಜೊತೆ ಹೋದೆ. ಬಾಗಿಲಲ್ಲಿ ನಿಂತ ನನಗೇ ಹವೀಜ ಹೊತ್ತತೊಡಗಿದ ವಾಸನೆ ಬಡಿಯಿತು. ಕಾಕು ಬಗ್ಗಿ ಉಸಿರೆಳೆದು, "ಇನ್ನಾ ಹಸಿ ಐತಿ" ಅಂದಳು.

ನಾನು ಬೆಚ್ಚಿ ನೋಡಿದೆ. ನನ್ನ ಮುಖ ಕಂಡು ಅವಳ ಮುಖ ಬಿಳುಪೇರಿತು. ಸುತ್ತ ಹತ್ತು ಹೆಂಗಸರು. ತಟ್ಟನೆ ಸೊಂಟಕ್ಕೆ ಕೈಯಿಟ್ಟು ಅವಳದೇ ದನಿಯಲ್ಲಿ, "ಹ್ಞೂಂ… ಸಾಕ ಬೇ, ಇಳಸ!" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಲೇ ಮಂಗ್ಯಾ, ನನ್ನ ಕೆಲಸಾನೂ ಕಸ್ಕೊಳ್ತಿ ಏನ್ಲೇ?" ಅನ್ನುತ್ತಲೇ ಕಾಕು ಕಡಾಯಿ ಇಳಿಸಿದಳು.

ಬರುವ ದಾರಿಯಲ್ಲಿ ಮೆಲ್ಲಗೆ ಹೇಳಿದಳು: "ಹೋದ ವರ್ಷ ಜ್ವರ ಬಂದಾಗ್ಲೇ ಮೂಗ ಸತ್ತೈತಿ. ಬಣ್ಣಾ ನೋಡಿ ನಡಸೇನಿ. ಇವತ್ತ ಆ ಕತ್ತಲ ಅಡಗಿಮನ್ಯಾಗ ಕಾಣಲಿಲ್ಲ… ಯಾರ ಮುಂದೂ ಆಡಬ್ಯಾಡೋ ಯಪ್ಪಾ. ಗೊತ್ತಾದ್ರ ನನ್ನ ಯಾರ ಕರೀತಾರ?"

ಮುಂದೆ ಮೂರು ಬೇಸಿಗೆ ಎಲ್ಲ ಮನೆಗೂ ಜೊತೆಗೆ ಹೋದೆ. ನಾನು ಅಣಕಿಸಬೇಕು, ಹೆಂಗಸರು ನಗಬೇಕು, ಕಾಕು ಬೈಯುತ್ತ ಕಡಾಯಿ ಇಳಿಸಬೇಕು. ಒಮ್ಮೆ ನನಗೇ ನೆಗಡಿ ಬಂತು. ಅಂದು ಇಬ್ಬರೂ ಹೊಟ್ಟೆನೋವೆಂದು ಮಲಗಿಬಿಟ್ಟೆವು.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡಳು. ಮೊನ್ನೆ ಅಕ್ಕ, "ಅಂಥಾ ಮೂಗ ಈ ಸೀಮಿಯೊಳಗ ಇನ್ನ ಹುಟ್ಟಂಗಿಲ್ಲ ಬಿಡು" ಅಂದಳು. ಹೌದೆಂದೆ. ಬಾಯಿಯಲ್ಲಿ ಏನೂ ನಿಲ್ಲದವನೆಂದು ಹೆಸರಾದ ನಾನು ಇದೊಂದನ್ನು ಇಷ್ಟು ದಿನ ನಿಲ್ಲಿಸಿಕೊಂಡಿದ್ದೆ. ಇವತ್ತು ಬರೆದುಬಿಟ್ಟೆ. ಅವಳನ್ನು ಇನ್ನು ಯಾರೂ ಕರೆಯಲಾರರೆಂಬ ಭಯ ಉಳಿದಿಲ್ಲವಲ್ಲ…